ಹಾರನ್ ಇಲ್ಲದ ದಾರಿ

ನಾನು ಇದನ್ನು ಬರೆಯುತ್ತಿರುವ ಕೋಣೆಯ ಕೆಳಗೇ ನನ್ನ ನಾದಿನಿಯ ಹೊಲಿಗೆ ಅಂಗಡಿ. ನಾದಿನಿ ಎಂದರೆ ಗಂಡನ ತಂಗಿ. ನನಗಿಂತ ಐದಾರು ವರ್ಷ ಚಿಕ್ಕವಳು. ಒಂದೊಂದು ಪುಟ ಮುಗಿದಾಗಲೂ ಮೆಟ್ಟಿಲಿಳಿದು ಹೋಗಿ ಅವಳಿಗೆ ಓದಿ ಹೇಳುತ್ತೇನೆ. ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ, ತುಟಿಗಳ ನಡುವೆ ಕಚ್ಚಿಕೊಂಡ ಗುಂಡುಪಿನ್ನುಗಳನ್ನು ತೆಗೆದು, "ಸುಳ್ಳು ಕಣತ್ಗೆ" ಎನ್ನುತ್ತಾಳೆ. ಇಲ್ಲವೇ ಏನೂ ಹೇಳದೆ ಮತ್ತೆ ಮೆಷಿನ್ ತುಳಿಯುತ್ತಾಳೆ. ಸುಳ್ಳು ಎಂದರೆ ಮೇಲೆ ಬಂದು ತಿದ್ದುತ್ತೇನೆ. ಏನೂ ಹೇಳದಿದ್ದರೆ ಇನ್ನಷ್ಟು ಅನುಮಾನ ಬಂದು ಇನ್ನಷ್ಟು ತಿದ್ದುತ್ತೇನೆ. ನೆನಪು ತಾನೇ ನೀಟಾಗಿ ಅಂಚು ಮಡಿಸಿ ಹೊಲಿದುಕೊಂಡು ಬಂದಾಗಲೆಲ್ಲ ನನಗೆ ಅದರ ಮೇಲೆ ನಂಬಿಕೆ ಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ದಾರ ಕಿತ್ತುಬಂದಿರುತ್ತದೆ.

ಅವಳು ಹುಟ್ಟಿದ್ದು ಹೊಳಲಿನಲ್ಲಿ. ಅಲ್ಲಿಂದ ಮಂಡ್ಯದ ಹೈಸ್ಕೂಲಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದವಳು ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ. ಗಂಡ ಸ್ಕೂಟರ್ ಕೊಡಿಸುತ್ತೇನೆಂದಾಗ, "ಅದುಕ್ಕೆ ಪೆಟ್ರೋಲ್ ಹಾಕ್ಬೇಕು, ಇದುಕ್ಕೆ ನಾನು ಮುದ್ದೆ ತಿಂದ್ರೆ ಸಾಕು" ಎಂದಳಂತೆ. ಹ್ಯಾಂಡಲ್ಲಿಗೆ ಬ್ಯಾಗು ನೇತುಹಾಕಿಕೊಂಡು ಹೊಲಿದ ಬ್ಲೌಸುಗಳನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದಳು. ಮಂಡ್ಯದ ಅರ್ಧ ಹೆಂಗಸರಿಗೆ ಅವಳು ಬರುವುದು ಸೈಕಲ್ಲಿನ ಮಡ್‌ಗಾರ್ಡ್ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಹಿಂದಿನ ವರ್ಷ ಹನಕೆರೆಯಲ್ಲಿ ಒಬ್ಬ ಮದುಮಗಳ ಅಳತೆ ತೆಗೆದುಕೊಂಡು ವಾಪಸಾಗುತ್ತಿದ್ದಳು. ದೊಡ್ಡ ರಸ್ತೆಯ ಪಕ್ಕದ ಸರ್ವಿಸ್ ರೋಡು. ಬೆನ್ನಿಗೇ ಬಂದ ಒಂದು ಕಾರು ಹಾರನ್ ಒತ್ತಿತು. ಕಾರು ಅವಳನ್ನು ಮುಟ್ಟಲೇ ಇಲ್ಲ. ಆ ಸದ್ದಿಗೆ ಬೆಚ್ಚಿ ಹ್ಯಾಂಡಲ್ ಎಳೆದಳು, ಚರಂಡಿಯ ಕಲ್ಲಿನ ಮೇಲೆ ಬಿದ್ದಳು. ಹೆಗಲ ಮೂಳೆ ಮುರಿಯಿತು. ಕಾರು ನಿಂತಿತೋ ಇಲ್ಲವೋ ಎಂಬುದರ ಬಗ್ಗೆ ಅವಳೇ ಎರಡು ಥರ ಹೇಳಿದ್ದಾಳೆ. ಬೇಜಾರಿನ ದಿನ ನಿಲ್ಲಲಿಲ್ಲ ಎನ್ನುತ್ತಾಳೆ. ಒಳ್ಳೆಯ ದಿನ, ನಿಂತು ನೀರು ಕೊಟ್ಟರು ಎನ್ನುತ್ತಾಳೆ.

ಮೂಳೆ ಕೂಡಿಕೊಂಡಿತು. ಆದರೆ ಸೈಕಲ್ ಹತ್ತಿದರೆ ಸಾಕು, ಹಿಂದೆ ಎಲ್ಲೋ ಒಂದು ಬೈಕು ಕೂಗಿದರೂ ಅವಳ ಎರಡೂ ಕಾಲು ತಾವಾಗಿಯೇ ನೆಲಕ್ಕಿಳಿಯುತ್ತಿದ್ದವು. ಒಂದೆರಡು ಸಲ ಪ್ರಯತ್ನಿಸಿ, ಸೈಕಲ್ಲನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಮೇಲೊಂದು ಹಳೇ ದುಪಟಿ ಹೊದಿಸಿಬಿಟ್ಟಳು.

ಮದ್ದೂರು ದಾಟಿ ಮಳವಳ್ಳಿ ಕಡೆಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಅವಳ ಚಿಕ್ಕಮ್ಮ ಇದ್ದಾರೆ. ಮನೆ ತುಂಬ ಜನ, ಕೊಟ್ಟಿಗೆ ತುಂಬ ದನ. ಯಾರದೋ ಮದುವೆಗೆಂದು ಮಂಡ್ಯಕ್ಕೆ ಬಂದವರು ಮೆಟ್ಟಿಲ ಕೆಳಗಿನ ದುಪಟಿ ಎತ್ತಿ ನೋಡಿದರು.

"ಇದ್ಯಾಕಮ್ಮಿ ಇದುಕ್ಕೆ ಹೆಣದ ಬಟ್ಟೆ ಹೊದ್ಸಿದ್ದೀಯ? ತುಳ್ಯಾಕೆ ಆಗಲ್ಲ ಅಂದ್ರೆ ನಮ್ಮನೇಗ್ ತಂದ್ ಬುಡು. ಡೈರಿಗೆ ಹಾಲ್ ಹಾಕಾಕಾದ್ರೂ ಆಯ್ತದೆ."

ನಾದಿನಿಗೆ ಕೋಪ ಬಂತು. "ತಂದ್ ಬುಡ್ತೀನಿ ಕಣ್ ಚಿಕ್ಕವ್ವ. ಆದ್ರೆ ಬಸ್ಸಿನ್ ಮ್ಯಾಲೆ ಹಾಕ್ಕಂಡಲ್ಲ, ತುಳ್ಕಂಡೇ ಬತ್ತೀನಿ. ಅಲ್ಲಿಂದ ವಾಪಸ್ಸು ತುಳ್ಕಂಡು ಬರೋ ಧೈರ್ಯ ಬಂದ್ರೆ ಸೈಕಲ್ ನಂದು. ಇಲ್ದಿದ್ರೆ ನಿಂದು, ನಾನು ಬಸ್ಸಲ್ಲಿ ಬತ್ತೀನಿ."

"ಆಯ್ತು ಬುಡು, ನಂದೇ ಅಂತ ಇವತ್ತೇ ಅರಿಶಿನ ಕುಂಕುಮ ಇಟ್ಬುಡ್ಲಾ?" ಎಂದರು ಚಿಕ್ಕಮ್ಮ.

ಮಾತು ಆಡಿದ್ದಾಯಿತು. ಆಡಿದ ಮೇಲೆ ದಿನಗಟ್ಟಲೆ ಅವಳು ಸೈಕಲ್ಲಿನ ಮೇಲಿನ ದುಪಟಿ ತೆಗೆಯಲಿಲ್ಲ. ಆ ಸೈಕಲ್ಲನ್ನು ಬಿಟ್ಟುಕೊಟ್ಟರೆ ಅದರ ಜೊತೆ ಇನ್ನೂ ಏನೇನು ಹೋಗುತ್ತದೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು ಎಂದು ನಾನು ಬರೆದಿದ್ದೆ. ಓದಿದಾಗ ಅವಳು, "ಅಂಗೇನಿಲ್ಲ, ಹೆದ್ರಿಕೆ ಆಗಿತ್ತು ಅಷ್ಟೆ" ಎಂದಳು. ಸರಿ, ಹೆದರಿಕೆಯಾಗಿತ್ತು.

ದಾರಿ ಸಿಕ್ಕಿದ್ದು ಫ್ರಾನ್ಸಿನಿಂದ. ಒಂದು ಮಧ್ಯಾಹ್ನ ನಾನು ಅವಳ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದೆ. ಗಂಡ ಹೆಂಡತಿ ಇಬ್ಬರು ಆ ದೇಶದ ಹಳ್ಳಿಗಾಡಿನಲ್ಲಿ, ಒಂದು ಕಾಲುವೆಯ ಪಕ್ಕದಲ್ಲಿ, ಸಣ್ಣ ಕಲ್ಲು ಹಾಸಿದ ಹಾದಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಒಂದು ವಾಹನವಿಲ್ಲ. ಚಕ್ರದ ಕೆಳಗೆ ಕಲ್ಲು ಚರಚರ ಎನ್ನುವ ಸದ್ದು, ನೀರಲ್ಲಿ ಬಾತುಕೋಳಿ, ಅಷ್ಟೇ. ನಾದಿನಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಲ್ಲಾ ಅತ್ಗೆ, ಇವ್ರ ದೇಸ್ದಲ್ಲಿ ಜನಾನೇ ಇಲ್ವಾ?"

"ಇದಾರೆ ಕಣೆ. ಆ ದಾರೀಲಿ ಗಾಡಿ ಬಿಡಲ್ಲ ಅಷ್ಟೆ."

"ಅದು ನಾಲೆ ಏರಿ ತಾನೆ?"

"ಹೂಂ, ನಾಲೆ ಏರಿನೇ."

"ಮತ್ತೆ ನಮ್ಮ ನಾಲೆ ಏರಿಗೆ ಏನ್ ರೋಗ ಬಂದದೆ?"

ಏನೂ ಬಂದಿರಲಿಲ್ಲ. ಮಂಡ್ಯದಲ್ಲಿ ಬದುಕುವವರು ಜೀವನವಿಡೀ ನಾಲೆಗಳನ್ನು ದಾಟುತ್ತಾರೆ. ನಾಲೆಯ ಉದ್ದಕ್ಕೂ ಹೋಗುವುದು ಕಡಿಮೆ. ಏರಿಯ ಮೇಲೆ ನೀರಾವರಿಯವರ ಜೀಪು ಓಡಾಡಲೆಂದು ಮಾಡಿದ ನೊರಜುಕಲ್ಲಿನ ದಾರಿ ಇದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಬ್ಬು ಅಥವಾ ಗದ್ದೆ. ಕಾರು ಬರಬೇಕೆಂದರೆ ಬರಬಹುದು, ಆದರೆ ಹೊಟ್ಟೆಗೆ ಕಲ್ಲು ತಾಗುತ್ತದೆಂದು ಯಾರೂ ತರುವುದಿಲ್ಲ. ಕೊತ್ತತ್ತಿ ಕಡೆಯಿಂದ ಹಿಡಿದರೆ, ಒಂದು ನಾಲೆಯಿಂದ ಇನ್ನೊಂದು ನಾಲೆಗೆ ಇಳಿದು ಹತ್ತಿ, ಚಿಕ್ಕಮ್ಮನ ಊರಿನ ಸಮೀಪದವರೆಗೆ ಹೆಚ್ಚುಕಡಿಮೆ ಡಾಂಬರು ಮುಟ್ಟದೆ ಹೋಗಬಹುದೆಂದು ಫೋನಿನ ಮ್ಯಾಪು ಹೇಳಿತು. ಕೊನೆಯಲ್ಲಿ ಮಾತ್ರ ಮಳವಳ್ಳಿ ರಸ್ತೆಯ ಮೇಲೆ ಸ್ವಲ್ಪ ದೂರ. ಆ ಸ್ವಲ್ಪದ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ.

ಅವಳು ತಯಾರಿಯನ್ನು ತನ್ನ ಕೆಲಸದಲ್ಲೇ ಮಾಡಿಕೊಂಡಳು. ಕಣ್ಣಿಗೆ ಹೊಡೆಯುವ ಹಳದಿ ಬಟ್ಟೆ ತಂದು ನಮ್ಮಿಬ್ಬರಿಗೂ ತೋಳಿಲ್ಲದ ಜಾಕೆಟ್ ಹೊಲಿದಳು. ಬೆನ್ನ ಮೇಲೆ ಅಡ್ಡಕ್ಕೆ ಬೆಳ್ಳಿಯ ಹಾಗೆ ಮಿಂಚುವ ಪಟ್ಟಿ, ಎದೆಯ ಮೇಲೆ ಪೆನ್ನು ಸಿಕ್ಕಿಸುವಷ್ಟು ಸಣ್ಣ ಜೇಬು. ಹಿಂದಿನಿಂದ ಬರುವವನಿಗೆ ಅರ್ಧ ಫರ್ಲಾಂಗಿನಿಂದಲೇ ಕಾಣಬೇಕು, ಕಂಡರೆ ಹಾರನ್ ಹೊಡೆಯುವುದಿಲ್ಲ ಎಂಬುದು ಅವಳ ಲೆಕ್ಕ. ಇಬ್ಬರಿಗೂ ಬಿಳಿ ಹೆಲ್ಮೆಟ್. ನನಗೆ ಸೈಕಲ್ ಎದುರುಮನೆಯವರದು. ಅದರ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸುವ ಒಂದು ಕೊಂಡಿ ಇತ್ತು. ದಾರಿ ನೋಡುವುದಕ್ಕೂ ಆಯಿತು, ಫೋಟೋ ತೆಗೆಯುವುದಕ್ಕೂ ಆಯಿತು.

ನಾಟಿಯ ಕಾಲ. ನಾಲೆ ತುಂಬ ನೀರು. ಕೊತ್ತತ್ತಿ ಹತ್ತಿರ ಏರಿ ಹತ್ತುವವರೆಗೆ ಸೈಕಲ್ಲುಗಳನ್ನು ತಳ್ಳಿಕೊಂಡೇ ಬಂದೆವು, ಏಕೆಂದರೆ ಅಲ್ಲಿಯವರೆಗೆ ಅವಳು ಹತ್ತಲಿಲ್ಲ. ಏರಿಯ ಮೇಲೆ ನಿಂತು ಮುಂದೆ ನೋಡಿದಳು, ಹಿಂದೆ ನೋಡಿದಳು, ಇನ್ನೊಂದು ಸಲ ಹಿಂದೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಹತ್ತಿದಳು. ಅವತ್ತು ಅವಳು ಚೂಡಿದಾರದಲ್ಲಿದ್ದಳು ಎಂದು ಈಗ ಕೆಳಗಿನಿಂದ ಕೂಗಿ ಹೇಳುತ್ತಿದ್ದಾಳೆ. ನನಗೆ ಕಾಣುತ್ತಿರುವುದು ಮಾತ್ರ ಸೀರೆಯೇ, ಹಸಿರು ಅಂಚಿನದು. ಹೊಳಲಿನಿಂದ ಸೈಕಲ್ ತುಳಿಯುತ್ತಿದ್ದ ಹೈಸ್ಕೂಲಿನ ಹುಡುಗಿಯನ್ನು ನಾನು ನೋಡಿಯೇ ಇಲ್ಲ. ಆದರೂ ಅವತ್ತು ಆ ಬೆನ್ನಿನಲ್ಲಿ ಅವಳೇ ಕಂಡಳು ಎಂದು ಬರೆಯಲು ಕೈ ತುಡಿಯುತ್ತಿದೆ. ಬರೆಯುವುದಿಲ್ಲ.

ಮೊದಮೊದಲು ಅವಳ ಕತ್ತು ಬಾಗಿಲ ಹಾಗೆ ಹಿಂದಕ್ಕೆ ತಿರುಗುತ್ತಲೇ ಇತ್ತು. ನಾನು ಬೆನ್ನ ಹಿಂದೆಯೇ ತುಳಿಯುತ್ತ, "ಹಿಂದೆ ನಾನಿದೀನಿ, ನನ್ನ ಹಿಂದೆ ಯಾರೂ ಇಲ್ಲ" ಎಂದು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕತ್ತು ನೇರವಾಯಿತು. ಕೊಕ್ಕರೆಗಳು ಗದ್ದೆಯಲ್ಲಿ ನಿಂತಿದ್ದವು. ಯಾವುದೋ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬಂತು. ಚಕ್ರದ ಕೆಳಗೆ ನೊರಜುಕಲ್ಲು ಆ ವಿಡಿಯೋದಲ್ಲಿದ್ದ ಹಾಗೆಯೇ ಚರಚರ ಎನ್ನುತ್ತಿತ್ತು.

ಆಮೇಲೆ ನಾವು ಗಮನಿಸಿದೆವು: ಎಷ್ಟು ನಿಶ್ಶಬ್ದ! ದೂರದಲ್ಲಿ ಡೀಸೆಲ್ ಇಂಜಿನ್ನೊಂದು ಟುಕುಟುಕು ಎನ್ನುತ್ತಿರುತ್ತದೆ. ನಾವು ಹತ್ತಿರ ಬರುವಷ್ಟರಲ್ಲಿ ನಿಂತುಹೋಗುತ್ತದೆ. ಇನ್ನೊಂದು ತಿರುವಿನಾಚೆ ಇನ್ನೊಂದು, ಅದೂ ನಿಲ್ಲುತ್ತದೆ. ಆಮೇಲಾಮೇಲೆ ದೂರದ ಸದ್ದೂ ಇಲ್ಲ. ನಾಲೆಯ ಉದ್ದಕ್ಕೂ ಒಂದೇ ಒಂದು ಯಂತ್ರವಿಲ್ಲ. ನೀರು ಮತ್ತು ನಾವು.

"ಅತ್ಗೆ, ಆ ಫ್ರಾನ್ಸಿನೋರು ಬಂದು ನೋಡ್ಬೇಕು ಕಣ್ರೀ ಇದ್ನ" ಎಂದಳು ನಾದಿನಿ. ಮಾತಾಡುವಾಗ ಒಂದು ಕೈ ಹ್ಯಾಂಡಲ್ ಬಿಟ್ಟಿತ್ತು. ಬಿದ್ದ ಮೇಲೆ ಮೊದಲ ಸಲ.

ನಾನು ಖುಷಿಯಲ್ಲಿ ಫೋಟೋ ತೆಗೆಯುತ್ತಿದ್ದೆ. ನಾಲೆಯ ತಿರುವು, ತೂಬು, ಏರಿಯ ಮೇಲೆ ಅಡ್ಡ ಬಿದ್ದ ಕಪ್ಪು ಪೈಪು, ಅದರ ಮೇಲೆ ಕೂತ ಮಿಂಚುಳ್ಳಿ. ಪ್ರತಿಯೊಂದಕ್ಕೂ ನಿಲ್ಲುವುದು, ಫೋನನ್ನು ಅಡ್ಡ ಹಿಡಿಯುವುದು, ಬಗ್ಗಿ ನೋಡುವುದು.

ಜನರೂ ಎಷ್ಟು ಒಳ್ಳೆಯವರು! ಒಂದು ಕಡೆ ಟವೆಲ್ ಹೆಗಲಿಗೆ ಹಾಕಿಕೊಂಡ ಒಬ್ಬರು ತೆಂಗಿನ ಮರದ ಕೆಳಗೆ ಎಳನೀರು ಕೊಚ್ಚಿ ಹಿಡಿದುಕೊಂಡು ನಿಂತೇ ಇದ್ದರು, ನಾವು ಬರುವುದು ಮೊದಲೇ ಗೊತ್ತಿದ್ದವರ ಹಾಗೆ.

"ಬನ್ನಿ ಮೇಡಮ್ಮೋರೆ, ಬಿಸಲು. ಕುಡ್ಕಳಿ."

ಕುಡಿದೆವು. ಅವರು ನಮ್ಮ ಮುಖವನ್ನೇ ನೋಡುತ್ತಿದ್ದರು. "ಎಲ್ಲಾ ನೋಡ್ದಂಗಾಯ್ತಾ?" ಎಂದು ಕೇಳಿದರು. "ಹೂಂ, ತುಂಬ ಚೆನ್ನಾಗಿದೆ" ಎಂದೆ. ಅವರಿಗೆ ಆ ಉತ್ತರ ಅರ್ಥವಾದ ಹಾಗೆ ಕಾಣಲಿಲ್ಲ.

ಇನ್ನೊಂದು ಕಡೆ ಬಾಳೆಹಣ್ಣು ಕೊಟ್ಟರು. ಮತ್ತೊಂದು ಕಡೆ ಕುರ್ಚಿಯನ್ನೇ ತಂದು ಏರಿಯ ಮೇಲೆ ಹಾಕಿದರು. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು; ಮರ್ಯಾದೆಗೆ ಕಾರಣ ಅದೇ ಇರಬೇಕು, ಮುಖದಲ್ಲೇ ಗೊತ್ತಾಗುತ್ತದೆ ಎಂದುಕೊಂಡೆ. ನಾದಿನಿ ತನ್ನ ಜಾಕೆಟ್ ಹೊಲಿಗೆ ನೋಡಿ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡಳಂತೆ. ಸತ್ಯಕ್ಕೆ ಅವಳೇ ಹತ್ತಿರವಿದ್ದಳು.

ಮದ್ದೂರಿನ ಸರಹದ್ದು ದಾಟಿದ ಮೇಲೆ ಒಂದು ತೂಬಿನ ಹತ್ತಿರ ಹೆಂಗಸೊಬ್ಬಳು ಏರಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ನಲವತ್ತರ ಆಚೀಚೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು ಹಾಕಿಕೊಂಡಿದ್ದಳು. ಶರಟಿನ ಮುಂಭಾಗವೆಲ್ಲ ಒದ್ದೆ. ಅವಳ ಹಿಂದೆ ಕಬ್ಬಿನ ಸಾಲಿನೊಳಗಿಂದ ಒಂದು ಪೈಪಿನ ತುದಿ ಹೊರಗೆ ಇಣುಕಿ ತೊಟ್ಟಿಕ್ಕುತ್ತಿತ್ತು. ನಾನು ಅದರ ಫೋಟೋ ತೆಗೆಯಲೆಂದು ನಿಂತೆ, ಏಕೆಂದರೆ ನೀರಹನಿಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು.

ಅವಳು ಎದ್ದು ನಿಂತಳು. "ಅದು ನಮ್ದಲ್ಲ ಕಣವ್ವಾ."

"ಯಾವುದು?"

"ಆ ಪೈಪು. ಯಾರೋ ತಂದು ಅಲ್ ಬಿಸಾಕವ್ರೆ."

"ಪರವಾಗಿಲ್ಲ" ಎಂದೆ.

"ಮೋಟ್ರೂ ನಮ್ದಲ್ಲ."

"ಯಾವ ಮೋಟ್ರು?"

ಆಗ ಅವಳಿಗೆ ಅನುಮಾನ ಬಂತು. ನನ್ನನ್ನು ಬಿಟ್ಟು ನಾದಿನಿಯ ಕಡೆ ತಿರುಗಿದಳು. "ನೀವ್ ಯಾವ್ ಆಪೀಸಿಂದ ಬಂದಿರಾದು?"

"ಆಪೀಸಾ? ನಾನು ಬ್ಲೌಸ್ ಹೊಲ್ಯೋಳು ಕಣಕ್ಕ. ಇವ್ರು ನಮ್ಮತ್ಗೆ. ನಮ್ ಚಿಕ್ಕವ್ವನ ಮನೇಗ್ ಓಯ್ತಾ ಇದ್ದೀವಿ."

"ಸೈಕಲಲ್ಲಿ?"

"ಹೂಂ, ಸೈಕಲಲ್ಲಿ."

"ಏರಿ ಮ್ಯಾಲೆ?"

"ಏರಿ ಮ್ಯಾಲೆ."

ಆ ಹೆಂಗಸು ಹಣೆಗೆ ಕೈ ಹಚ್ಚಿಕೊಂಡು ಮತ್ತೆ ಕುಕ್ಕುರುಗಾಲಲ್ಲಿ ಕೂತಳು. "ನಿಮ್ ಮನೆ ಕಾಯೋಗ! ಬೆಳಗ್ಗಿಂದ ಇಡೀ ನಾಲೆ ಮೋಟ್ರು ನಿಲ್ಸಿ ಕುಂಡ್ರಿಸಿದ್ದೀರಲ್ರೇ!"

ನಮ್ಮ ಕಡೆ ನಾಲೆಗೆ ನೀರು ಸದಾ ಹರಿಯುವುದಿಲ್ಲ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ; ಇದಕ್ಕೆ ಕಟ್ಟು ನೀರು ಎಂದು ಹೆಸರು. ನಾಲೆಗಿಂತ ಮೇಲಿರುವ ಜಮೀನುಗಳಿಗೆ ಆ ನೀರು ತಾನಾಗಿ ಏರುವುದಿಲ್ಲ. ಅಂಥವರು ನಾಲೆಗೇ ಮೋಟರಿಟ್ಟು ನೀರೆತ್ತುತ್ತಾರೆ. ಹಾಗೆ ಎತ್ತಲು ಅನುಮತಿ ಇಲ್ಲ, ಎತ್ತದವರೂ ಇಲ್ಲ. ಆಗೊಮ್ಮೆ ಈಗೊಮ್ಮೆ ನೀರಾವರಿ ಆಫೀಸಿನವರು ಏರಿಯ ಮೇಲೆ ತಪಾಸಣೆಗೆ ಬರುತ್ತಾರೆ. ಬಂದರೆ ಪೈಪು ಮೋಟರು ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಏರಿಯ ಮೇಲೆ ಯಾರಾದರೂ ಹೊಸಬರು ಕಂಡರೆ ಕಂಡವನು ಮುಂದಿನವನಿಗೆ ಫೋನ್ ಮಾಡುವುದು ಪದ್ಧತಿ. ಕೊತ್ತತ್ತಿಯಲ್ಲಿ ನಮ್ಮನ್ನು ಮೊದಲು ಕಂಡವರು ಯಾರೋ ಗೊತ್ತಿಲ್ಲ. ಬಿಳಿ ಹೆಲ್ಮೆಟ್ಟಿನ, ಹಳದಿ ಜಾಕೆಟ್ಟಿನ, ಜೇಬಿನಲ್ಲಿ ಪೆನ್ನಿನ, ಪ್ರತಿ ಪೈಪಿನ ಫೋಟೋ ತೆಗೆಯುವ ಇಬ್ಬರು ಮೇಡಮ್ಮುಗಳು ಬರುತ್ತಿದ್ದಾರೆಂಬ ಸುದ್ದಿ ನಮ್ಮ ಸೈಕಲ್ಲಿಗಿಂತ ಮುಂದೆ ಓಡುತ್ತಿತ್ತು. ಜೀಪಿನಲ್ಲಿ ಬಂದರೆ ಸದ್ದು ಕೇಳಿ ಎಲ್ಲರೂ ಬಚ್ಚಿಡುತ್ತಾರೆಂದು ಈ ಸಲ ಸೈಕಲ್ಲಿನಲ್ಲಿ ಕಳಿಸಿದ್ದಾರೆ ಎಂಬ ವಿವರಣೆಯೂ ಸೇರಿಕೊಂಡಿತ್ತಂತೆ.

"ಜಾಕೀಟು ನೋಡೇ ನಂಬ್ದೆ ಕಣವ್ವ ನಾನು" ಎಂದಳು ಆ ಹೆಂಗಸು. "ರೋಡ್ ಕೆಲ್ಸದೋರ್ದು ಇಷ್ಟ್ ನೀಟಾಗಿರಲ್ಲ. ಇದು ದೊಡ್ ಆಪೀಸರ್ದೇ ಅಂದ್ಕಂಡೆ."

ನಾದಿನಿ ನಗಲಿಲ್ಲ. ಕಬ್ಬಿನಾಚೆ ಕೈ ತೋರಿಸಿ, "ಅದೇನಕ್ಕ, ಒಟ್ಲಾ?" ಎಂದಳು. ನಾಟಿ ಮಾಡಲು ಒತ್ತಾಗಿ ಬಿತ್ತಿ ಬೆಳೆಸಿದ ಎಳೆ ಪೈರಿನ ಪಾತಿ ಅದು. ನೆಲ ಬಿರುಕು ಬಿಡುವುದಕ್ಕೆ ಇನ್ನೂ ಹೊತ್ತಿತ್ತು, ಆದರೆ ಪೈರಿನ ಬಣ್ಣ ಮಾಸಿತ್ತು.

"ಒಟ್ಲೇ ಕಣವ್ವ. ನಾಳೆ ಬೆಳಗ್ಗೆ ನೀರು ನಿಲ್ಲಿಸ್ತಾರೆ. ಇವತ್ತು ಸಂಜೆ ಒಳಗೆ ಅದೂ ತುಂಬ್ಕಬೇಕು, ಆ ಮ್ಯಾಗಳ ಗದ್ದೆನೂ ತುಂಬ್ಕಬೇಕು. ನೀವ್ ಬತ್ತೀರಿ ಅಂತ ಪೈಪ್ ಎಳ್ದಾಕಿ ಎಷ್ಟೊತ್ತಾಯ್ತು."

"ಮತ್ತೆ ಈಗ ಹಾಕು, ನಾವ್ ಆಪೀಸ್ರಲ್ವಲ್ಲ."

"ನಾನ್ ಹಾಕ್ತೀನಿ. ಮುಂದ್ಲೋರು? ಫೋನ್ ಮಾಡಿ ಹೇಳ್ತೀನಿ, ಆದ್ರೆ ನಂಬದೋರು ನಂಬಲ್ಲ. ದೂರ್ದಿಂದ ಆ ಹಳ್ದಿ ಕಂಡೇಟ್ಗೆ ನಿಲ್ಲಿಸ್ಬುಡ್ತಾರೆ. ನೀವು ಅದ್ನ ಬಿಚ್ಬುಡಿ ತಾಯಿ, ನಿಮಗೆ ಪುಣ್ಯ ಬತ್ತದೆ."

ಇಲ್ಲಿ ಏನಾಯಿತೆಂಬುದನ್ನು ನಾನು ಬೇಗ ಬರೆದು ಮುಂದೆ ಹೋಗಿಬಿಡುವ ಅಪಾಯವಿದೆ. ನಾದಿನಿ ತಕ್ಷಣ ಜಾಕೆಟ್ ಬಿಚ್ಚಿದಳು, ಒಳ್ಳೆಯವಳು, ಮುಗಿಯಿತು. ಹಾಗಾಗಲಿಲ್ಲ. ಅವಳು ಜಾಕೆಟ್ಟಿನ ಗುಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಅವಳ ಯೋಚನೆ ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ನನ್ನದೂ ಅದೇ ಆಗಿತ್ತು. ಬೆಳಗಿನಿಂದ ಅವಳು ಒಂದು ಸಲವೂ ಬೆಚ್ಚಿ ಕಾಲು ನೆಲಕ್ಕಿಡದೆ ತುಳಿದಿದ್ದು ಆ ಮೌನದಿಂದ. ಆ ಮೌನ ದಾರಿಯದಾಗಿರಲಿಲ್ಲ. ಅವಳೇ ಹೊಲಿದ ಬಟ್ಟೆಯದು. ಹಾಕಿಕೊಂಡೇ ಹೋದರೆ ಉಳಿದ ದಾರಿಯೂ ಹಾಗೇ ಸಾಗುತ್ತದೆ, ಯಾರಿಗೂ ಹೇಳಬೇಕಾಗಿಲ್ಲ. ಬಿಚ್ಚಿದರೆ ಮುಂದೆ ಪ್ರತಿ ತಿರುವಿನಲ್ಲೂ ಇಂಜಿನ್ನು.

"ಬೇಡ ಅನ್ಸಿದ್ರೆ ಇಲ್ಲಿಂದ ಮದ್ದೂರಿಗೆ ಹೋಗಿ ಬಸ್ ಹಿಡಿಯೋಣ" ಎಂದೆ ನಾನು.

"ಬಸ್ಸಿಗೆ ಹೋದ್ರೆ ಸೈಕಲ್ ಚಿಕ್ಕವ್ವಂದೇ ಆಯ್ತಲ್ಲ" ಎಂದಳು. ಆಮೇಲೆ ಆ ಹೆಂಗಸಿಗೆ, "ನೀನ್ ಶುರು ಮಾಡಕ್ಕ, ನಾನು ಇಲ್ಲೇ ನಿಂತ್ಕಂಡು ಕೇಳ್ತೀನಿ" ಎಂದಳು.

ಹೆಂಗಸು ಕಬ್ಬಿನೊಳಗೆ ಹೋದಳು. ಪೈಪು ಸರಸರ ಎಂದು ಹೊರಗೆ ಬಂತು. ಮೋಟರಿನ ಮೇಲೆ ಮುಚ್ಚಿದ್ದ ಕಬ್ಬಿನ ಸೋಗೆ ಎಳೆದು ಬಿಸಾಕಿ ಹಗ್ಗ ಜಗ್ಗಿದಳು. ಇಂಜಿನ್ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಹೊಗೆ ಕಕ್ಕಿ ಹಿಡಿದುಕೊಂಡಿತು. ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ ಎಂದು ನೆನಪು. ಅವಳ ಪ್ರಕಾರ ನಾನು ನೀರಿನ ಫೋಟೋ ತೆಗೆಯುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಜಾಕೆಟ್ ಬಿಚ್ಚಿ ಮಡಿಸಿ ಬ್ಯಾಗಿನೊಳಗೆ ಹಾಕಿದಳು. ನನ್ನದನ್ನೂ ಕಸಿದುಕೊಂಡು ಮಡಿಸಿದಳು. ಆ ಹೆಂಗಸು ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಇಂಜಿನ್ನಿನ ಸದ್ದನ್ನು ಮೀರಿ ಕೂಗುತ್ತಿದ್ದಳು:

"ಆಪೀಸ್ರಲ್ಲ ಕಣ್ಲಾ! ಹೆಂಗಸ್ರು! ಚಿಕ್ಕವ್ವನ ಮನೇಗ್ ಓಯ್ತಾವ್ರೆ! ...ಅಯ್ಯೋ ನಂಗೇನ್ ಗೊತ್ಲಾ ಯಾಕ್ ಸೈಕಲಲ್ಲಿ ಅಂತ, ಅವ್ರಿಷ್ಟ! ನೀನ್ ಮೋಟ್ರು ಹಾಕ್ಲಾ!"

ನಾವು ಹೊರಟೆವು. ಒಂದೊಂದಾಗಿ ಇಂಜಿನ್ನುಗಳು ಎದ್ದವು. ಮುಂದೆ, ಹಿಂದೆ, ನಾಲೆಯಾಚೆ. ಮೊದಲನೆಯದು ಪಕ್ಕದಲ್ಲೇ ಶುರುವಾದಾಗ ನಾದಿನಿಯ ಕಾಲು ನೆಲಕ್ಕೆ ಬಂತು. ಇಳಿದಳು, ಉಸಿರು ಬಿಟ್ಟಳು, ಇಂಜಿನ್ ಎಲ್ಲಿದೆ ಎಂದು ಹುಡುಕಿ ಅದನ್ನು ಕಣ್ಣಿಂದ ನೋಡಿದಳು, ಹತ್ತಿದಳು. ಎರಡನೆಯದಕ್ಕೂ ಹಾಗೇ. ಅದರ ಮುಂದಿನದಕ್ಕೆ ಇಳಿಯಲಿಲ್ಲ, ಬರೀ ನೋಡಿದಳು. ಅದಕ್ಕೂ ಮುಂದಿನದಕ್ಕೆ ಮತ್ತೆ ಇಳಿದಳು. ದಾರಿಯಲ್ಲಿ ಜನ ಈಗ ಮರ್ಯಾದೆ ಕೊಡುವುದನ್ನು ಪೂರ್ತಿ ಬಿಟ್ಟಿದ್ದರು. "ಓಹೋಹೋ, ಬಂದ್ರು ನೋಡ್ಲಾ ತಪಾಸಣೆಯೋರು!" "ಅಕ್ಕೋ, ನಮ್ ಮೋಟ್ರು ಚೆಕ್ ಮಾಡ್ಬುಟ್ ಓಗಿ!" "ಎಳ್ನೀರ್ ಕುಡ್ದಿದ್ದು ವಾಪಸ್ ಕಕ್ಬುಟ್ ಓಗಿ!" ನಾದಿನಿಯೂ ಸುಮ್ಮನಿರಲಿಲ್ಲ. "ನಿನ್ ಹೆಸ್ರು ಬರ್ಕಂಡಿದ್ದೀನಿ, ಇರು!" ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತ ಹೋದಳು.

ಆಮೇಲೆ ಏರಿ ಮುಗಿಯಿತು. ಮಳವಳ್ಳಿ ರಸ್ತೆ.

ಇದನ್ನು ನಾನು ಮನೆಯವರಿಗೆ, ಕಾಲೇಜಿನಲ್ಲಿ, ಎಷ್ಟೋ ಕಡೆ ಹೇಳಿದ್ದೇನೆ, ಒಂದೇ ರೀತಿಯಲ್ಲಿ: ನಾದಿನಿ ಡಾಂಬರಿನ ಮೇಲೆ ತುಳಿಯುತ್ತಿದ್ದಳು, ಹಿಂದಿನಿಂದ ಒಂದು ಖಾಸಗಿ ಬಸ್ಸು ಹಾರನ್ ಬಾರಿಸಿತು, ಅವಳು ಸೀಟಿನ ಮೇಲಿಂದ ಇಳಿಯದೆಯೇ ಕತ್ತು ತಿರುಗಿಸಿ, "ಏನ್ಲಾ, ನಿಮ್ಮಪ್ಪ ಹಾಕ್ಸಿದ್ ರೋಡೇನ್ಲಾ!" ಎಂದು ಬೈದು, ಅದೇ ವೇಗದಲ್ಲಿ ಮುಂದೆ ಹೋದಳು. ಕೇಳಿದವರೆಲ್ಲ ನಕ್ಕಿದ್ದಾರೆ.

ಇದನ್ನು ಬರೆದು ಕೆಳಗೆ ಹೋಗಿ ಓದಿದೆ. ಮೆಷಿನ್ ನಿಂತಿತು. ಗುಂಡುಪಿನ್ನುಗಳು ಹೊರಬಂದವು.

"ಇಳಿದೆ ಕಣತ್ಗೆ."

"ಇಳಿದ್ಯಾ?"

"ಇಳಿದೆ. ಬಸ್ ಹೋದ ಮ್ಯಾಲೇ ಬೈದಿದ್ದು. ಅವ್ನಿಗೆ ಕೇಳ್ಸೂ ಇಲ್ಲ. ಆಮೇಲೆ ಊರ ತನಕ ತಳ್ಕಂಡೇ ಬಂದೆ. ನೀವೂ ತಳ್ಕಂಡ್ ಬಂದ್ರಿ."

ಹೌದು. ಈಗ ನೆನಪಾಗುತ್ತದೆ. ರಸ್ತೆಯ ಅಂಚಿನ ಬೇವಿನ ಮರದ ಕೆಳಗೆ ಅವಳು ಕೂತಿದ್ದಳು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ನಡುಗುವುದು ನನಗೆ ಕಾಣದಿರಲಿ ಎಂದು. ನಾನು ಆ ಮರವನ್ನು ಇಷ್ಟು ದಿನ ಎಲ್ಲಿಟ್ಟಿದ್ದೆನೋ.

ಚಿಕ್ಕಮ್ಮನ ಮನೆಯ ಬಾಗಿಲಿಗೆ ಸೈಕಲ್ ತಳ್ಳಿಕೊಂಡು ಬಂದಾಗ ಚಿಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಅವರೆಕಾಯಿಯ ಕಾಲವಲ್ಲ ಅದು. ಏನೋ ಒಂದು ಕಾಯಿ. ಅವರು ಸೈಕಲ್ಲನ್ನೂ ನೋಡಿದರು, ಅದನ್ನು ತಳ್ಳುತ್ತಿದ್ದವಳ ಮುಖವನ್ನೂ ನೋಡಿದರು. ಎಲ್ಲ ಗೊತ್ತಾಯಿತು. ಗೆದ್ದೆನೆಂದು ಹೇಳಲಿಲ್ಲ. "ಕಾಲ್ ತೊಳ್ಕಳಿ, ಮುದ್ದೆ ಆರೋಯ್ತದೆ" ಎಂದರು. ಸೈಕಲ್ಲನ್ನು ತಾವೇ ಹಿಡಿದು ಕೊಟ್ಟಿಗೆಯ ಪಕ್ಕಕ್ಕೆ ಒಯ್ದು, ದನ ಒದೆಯದ ಜಾಗ ನೋಡಿ ಒರಗಿಸಿದರು.

ಉಪ್ಪೆಸರು, ಮುದ್ದೆ. ನಮ್ಮ ಕಥೆ ಕೇಳಿ ಮನೆಯವರೆಲ್ಲ ಬಿದ್ದುಬಿದ್ದು ನಕ್ಕರು. ಚಿಕ್ಕಮ್ಮನ ಮಗ, "ಅಕ್ಕಾ, ಆ ಜಾಕೀಟು ಇಲ್ಲೇ ಬುಟ್ ಓಗು. ನಮ್ ಎದುರ್ ಗದ್ದೆಯೋನಿಗೆ ಒಂದ್ ದಿನ ಆಟ ಆಡುಸ್ತೀನಿ" ಎಂದ. ನಾದಿನಿ ನಕ್ಕಳು, ಮುದ್ದೆ ನುಂಗಿದಳು. ಆದರೆ ಸೈಕಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ಬಾಗಿಲಿಂದ ಕಾಣುವಂತಿತ್ತು ಅದು. ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು.

ಬೆಳಿಗ್ಗೆ ಚಿಕ್ಕಮ್ಮನೇ ಶುರು ಮಾಡಿದರು. "ಮದ್ದೂರ್ ಬಸ್ಸು ಇನ್ನೇನ್ ಬತ್ತದೆ. ಓಯ್ತೀಯ ಅಥ್ವಾ ಇನ್ನೊಂದಿನ ಇರ್ತೀಯ?"

"ತುಳ್ಕಂಡು ಓಯ್ತೀನಿ" ಎಂದಳು ನಾದಿನಿ.

"ನೆನ್ನೆ ತಳ್ಕಂಡ್ ಬಂದೋಳು?"

"ಹೂಂ. ತಳ್ಕಂಡ್ ಬಂದೆ. ಕೊಡ್ಬೇಕಾಗಿರಾದು ತುಳ್ಯಾಕೆ ಆಗ್ದಿದ್ರೆ ತಾನೆ? ಇಳ್ದು ಹತ್ತಾಕೆ ಆಯ್ತದೆ. ನೆನ್ನೆ ನೂರ್ ಸಲ ಇಳ್ದಿದ್ದೀನಿ, ನೂರ್ ಸಲ ಹತ್ತಿದ್ದೀನಿ."

"ದೊಡ್ ರೋಡಲ್ಲಿ ಹಾರನ್ ಹೊಡುದ್ರೆ?"

"ಇಳೀತೀನಿ. ಓಗಪ್ಪ ಮುಂದೆ ಅಂತೀನಿ. ಅವ್ನ್ ಹೋದ್ಮ್ಯಾಲೆ ಹತ್ತೀನಿ."

"ಅಂಗೇ ಓದ್ರೆ ಮಂಡ್ಯಕ್ಕೆ ಯುಗಾದಿ ಹೊತ್ಗೆ ಸೇರ್ತೀಯ."

"ನಂಗೇನ್ ಅರ್ಜೆಂಟದೆ?"

ಚಿಕ್ಕಮ್ಮ ಮಗನ ಕಡೆ ತಿರುಗಿ, "ಚಕ್ರುಕ್ ಗಾಳಿ ಹೊಡ್ಯೋ" ಎಂದರು. ಒಳಗೆ ಹೋಗಿ ಹುರಿಗಡಲೆ ಬೆಲ್ಲ ಕಟ್ಟಿಕೊಂಡು ಬಂದು ಹ್ಯಾಂಡಲ್ಲಿಗೆ ನೇತುಹಾಕಿದರು. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಳವಳ್ಳಿ ರಸ್ತೆಯ ಆ ಸ್ವಲ್ಪ ದೂರಕ್ಕೆ ನಾವು ಎಷ್ಟು ಹೊತ್ತು ತೆಗೆದುಕೊಂಡೆವೋ. ಹಾಲಿನ ವ್ಯಾನು ಬಂತು; ಇಳಿದಳು, ಅಂಚಿಗೆ ಸರಿದಳು, ಕೈಬೀಸಿ ಮುಂದೆ ಕಳಿಸಿದಳು, ಹತ್ತಿದಳು. ಬಸ್ಸು ಬಂತು, ಇಳಿದಳು. ಅದರ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಬರ್ತೀರಾ ಅಕ್ಕ, ಸೈಕಲ್ ಮೇಲಾಕ್ಕೋತೀನಿ" ಎಂದು ಕೂಗಿದ. "ಬೇಡ ಓಗಣ್ಣ" ಎಂದಳು. ಒಂದು ಟ್ರಾಕ್ಟರಿನವನು ಅವಳು ಇಳಿದದ್ದು ನೋಡಿ ತಾನೂ ನಿಂತುಬಿಟ್ಟ. ನೀನು ಮೊದಲು ಹೋಗು, ನೀವು ಮೊದಲು ಹೋಗಿ ಎಂದು ಇಬ್ಬರೂ ಕೈಸನ್ನೆ ಮಾಡುತ್ತ ನಿಂತರು. ಅವಳ ಕೈ ನಡುಗುತ್ತಲೇ ಇತ್ತು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಆ ದಾರಿಯುದ್ದಕ್ಕೂ ನಾನು ಏನನ್ನೂ ಫೋಟೋ ತೆಗೆಯಲಿಲ್ಲ.

ಏರಿಗೆ ಹತ್ತಿದಾಗ ನಾಲೆಯಲ್ಲಿ ನೀರು ಇಳಿಯತೊಡಗಿತ್ತು. ದಡದಲ್ಲಿ ಒದ್ದೆ ಗೆರೆ ಕಾಣುತ್ತಿತ್ತು. ಕಟ್ಟು ಮುಗಿದಿತ್ತು, ಮೋಟರುಗಳು ನಿಂತಿದ್ದವು, ಈ ಸಲ ನಮಗಾಗಿ ಅಲ್ಲ. ಸುತ್ತ ಅದೇ ನಿನ್ನೆಯ ಬೆಳಗಿನ ಮೌನ. ಅವಳಿಗೆ ಖುಷಿಯಾಗಿರಬೇಕೆಂದು ಪಕ್ಕಕ್ಕೆ ಬಂದು ನೋಡಿದೆ.

"ಏನೋ ಬಿಕೋ ಅಂತದೆ ಅಲ್ವಾ ಅತ್ಗೆ" ಎಂದಳು.

ಶರಟಿನ ಹೆಂಗಸಿನ ತೂಬು ಬಂದಾಗ ಇಬ್ಬರೂ ನಿಧಾನ ಮಾಡಿದೆವು. ಅವಳು ಕಾಣಲಿಲ್ಲ. ಒಟ್ಲಿನಲ್ಲಿ ನೀರು ನಿಂತಿತ್ತು. ಪೈರಿನ ತುದಿಗಳಷ್ಟೇ ಮೇಲಿದ್ದವು. ಮೇಲಿನ ಗದ್ದೆಗೂ ತಲುಪಿತ್ತೋ ಇಲ್ಲವೋ ಏರಿಯಿಂದ ಕಾಣುತ್ತಿರಲಿಲ್ಲ. ಹೋಗಿ ನೋಡೋಣ ಎಂದು ನಾನು ಇಳಿದೆ, ಕಬ್ಬಿನ ಬದುವಿನ ಮೇಲೆ ಹತ್ತು ಹೆಜ್ಜೆ ಹೋದೆ, ಕೆಸರಿಗೆ ಹೆದರಿ ವಾಪಸಾದೆ. ಅಷ್ಟರಲ್ಲಿ ನಾದಿನಿ ನಾಲೆಯ ತಿರುವು ದಾಟಿ ಹೋಗಿದ್ದಳು. ಕೂಗಿದೆ. ನಿಲ್ಲಲಿಲ್ಲ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಹೋದಳೋ ಎಂದು ಈಗ ಕೆಳಗೆ ಹೋಗಿ ವಿಚಾರಿಸೋಣವೆಂದರೆ ಅಂಗಡಿಗೆ ಬೀಗ ಹಾಕಿದೆ, ಮೆಟ್ಟಿಲ ಕೆಳಗೆ ಸೈಕಲ್ಲೂ ಇಲ್ಲ. ಕೊತ್ತತ್ತಿಗೆ ಬ್ಲೌಸು ಕೊಡಲು ಹೋಗಿದ್ದಾಳಂತೆ, ಎದುರುಮನೆಯವರು ಹೇಳಿದರು.